ದೊಡ್ಡ ರೈಫಲ್ ಕಾಡತೂಸಿಗೆ ಪ್ರೆಸ್ಸು: ಬ್ರ್ಯಾಂಡು ಆಮೇಲೆ, ಮೊದಲು ಕ್ಯಾಲಿಪರ್ ಹಿಡಿಯಿರಿ

ಹಾರಿಸಿದ ಕಾಡತೂಸಿನ ಹಿತ್ತಾಳೆ ಕೇಸನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಬಟ್ಟಲು), ಮದ್ದು, ಗುಂಡು ಹಾಕಿ ಕಟ್ಟುವುದಕ್ಕೆ ರೀಲೋಡ್ ಅನ್ನುತ್ತಾರೆ. ಅದಕ್ಕೆ ಬಳಸುವ ಸನ್ನೆ ಯಂತ್ರವೇ ಪ್ರೆಸ್ಸು. ಪ್ರೆಸ್ಸು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ದೊಡ್ಡ ಕ್ಯಾಲಿಬರ್‌ಗೆ ಯಾವ ಪ್ರೆಸ್ಸು ಒಳ್ಳೆಯದು?" ಎಂದು. ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿದೆ. ಕ್ಯಾಲಿಬರ್ ಅಂದರೆ ನಳಿಗೆಯ ಒಳ ಅಳತೆ, .50 ಎಂದರೆ ಸುಮಾರು ಅರ್ಧ ಇಂಚು. ಪ್ರೆಸ್ಸಿಗೆ ನಳಿಗೆಯ ಗೊಡವೆಯೇ ಇಲ್ಲ. ಅದಕ್ಕೆ ಬೇಕಾದದ್ದು ಹಿತ್ತಾಳೆ ಕೇಸಿನ ಬುಡ ಎಷ್ಟು ದಪ್ಪ, ಕೇಸು ಎಷ್ಟು ಉದ್ದ, ಅದನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಅಮುಕಲು ಎಷ್ಟು ಬಲ ಬೇಕು, ಇಷ್ಟೇ.

ಒಂದು ಜೋಡಿ ನೋಡಿ. .470 ನೈಟ್ರೋ ಎಕ್ಸ್‌ಪ್ರೆಸ್, ಆನೆ ಕಾಟಿಗಳಿಗೆಂದೇ ಹುಟ್ಟಿದ ಕಾಡತೂಸು. ಇದರ ಹುಟ್ಟಿಗೂ ನಮ್ಮ ನೆಲಕ್ಕೂ ನಂಟಿದೆ. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೂ ಸುಡಾನಿಗೂ .450 ಬೋರಿನ ಮದ್ದುಗುಂಡು ತರುವುದನ್ನು ನಿಷೇಧಿಸಿತು. ದಂಗೆಕೋರರ ಕೈಯಲ್ಲಿದ್ದ ಹಳೇ ಮಾರ್ಟಿನಿ-ಹೆನ್ರಿ ಕೋವಿಗಳಿಗೆ ಅದು ಒದಗೀತು ಎಂಬ ಭಯ. ಆ ಜಾಗ ತುಂಬಲು ಇಂಗ್ಲಿಷ್ ಕೋವಿ ತಯಾರಕರು .465, .470, .475 ಎಂದು ಹೊಸ ಅಳತೆಗಳನ್ನು ಹೊರತಂದರು. ಬೋರಿನಲ್ಲಿ .470 ನೈಟ್ರೋ ಹೆಚ್ಚುಕಡಿಮೆ, ಮಷಿನ್ ಗನ್ನಿಗೆಂದು ಹುಟ್ಟಿದ .50 ಬಿಎಂಜಿಯ ಪಕ್ಕ ನಿಲ್ಲುತ್ತದೆ. ಆದರೆ ಕೇಸಿನ ಬುಡದ ದಪ್ಪ ಬರೀ 14.5 ಮಿ.ಮೀ. .50 ಬಿಎಂಜಿಯದು 20.4 ಮಿ.ಮೀ. ಮೊದಲನೆಯದು ಯಾವುದೇ ಒಳ್ಳೆಯ ಮಾಮೂಲಿ ಪ್ರೆಸ್ಸಿನಲ್ಲಿ ನಡೆಯುತ್ತದೆ, ಎರಡನೆಯದಕ್ಕೆ ಬೇರೆಯೇ ಯಂತ್ರ ಬೇಕು. .458 ವಿಂಚೆಸ್ಟರ್ ಮ್ಯಾಗ್ನಂ ಇನ್ನೂ ಸುಲಭ: ಗುಂಡು ಹೆಬ್ಬೆರಳಿನಂತಿದ್ದರೂ ಕೇಸು 63.5 ಮಿ.ಮೀ. ಉದ್ದ, 13 ಮಿ.ಮೀ. ಬುಡ.

ಮುಂದಿನ ಮಾತಿಗೆ ಮೊದಲು ಕಾನೂನಿನ ವಿಚಾರ ಮುಗಿಸಿಬಿಡೋಣ, ಕನ್ನಡದಲ್ಲಿ ಇದನ್ನು ಓದುವವರಿಗೆ ಅದು ನಿಜಕ್ಕೂ ಮುಖ್ಯ. ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಡ. ಮಾರಾಟಕ್ಕೆ ಮಾಡುವುದಾದರೆ ಬೇಕು. ಆದರೆ ಎಚ್-1ಬಿಯಂಥ ನಾನ್-ಇಮಿಗ್ರಂಟ್ ವೀಸಾದಲ್ಲಿ ಇರುವವರು ಫೆಡರಲ್ ಕಾನೂನಿನ ಪ್ರಕಾರ ಕೋವಿಯನ್ನೂ ಮದ್ದುಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಎಂಬಂಥ ಕೆಲವು ವಿನಾಯಿತಿಗಳಿವೆ ಅಷ್ಟೇ. ಆ ಕಾನೂನಿನಲ್ಲಿ 'ಮದ್ದುಗುಂಡು' ಎಂಬ ಪದಕ್ಕೆ ಖಾಲಿ ಕೇಸು, ಪ್ರೈಮರ್, ಗುಂಡು, ಮದ್ದು ಇವೆಲ್ಲ ಬಿಡಿಬಿಡಿಯಾಗಿಯೂ ಸೇರುತ್ತವೆ. ಆದ್ದರಿಂದ "ಕೋವಿ ಗೆಳೆಯನದ್ದು, ನಾನು ಬರೀ ಲೋಡ್ ಮಾಡಿಕೊಡುತ್ತೇನೆ" ಅನ್ನುವುದು ನಡೆಯುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ರಾಜ್ಯಗಳ ಕಾನೂನು ಬೇರೆ ಇರುತ್ತವೆ: ಕ್ಯಾಲಿಫೋರ್ನಿಯಾ .50 ಬಿಎಂಜಿ ರೈಫಲ್‌ಗಳನ್ನು 2005ರಿಂದಲೇ ನಿರ್ಬಂಧಿಸಿದೆ. ಭಾರತದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಲೈಸೆನ್ಸ್ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮನೆಯಲ್ಲಿ ಕಾಡತೂಸು ಕಟ್ಟುವುದಕ್ಕಲ್ಲ. ಇಲ್ಲಿಂದ ಮುಂದಿನದೆಲ್ಲ ಅಮೆರಿಕದ ಗ್ಯಾರೇಜಿನ ಮಾತು.

ಡೈ ಕೂರುವ ತೂತು

ಪ್ರೆಸ್ಸಿನ ತಲೆಯಲ್ಲಿ ಡೈ ತಿರುಗಿಸಿ ಕೂರಿಸುವ ತೂತಿನ ಥ್ರೆಡ್ಡು ಬಹುತೇಕ ಎಲ್ಲ ಕಂಪನಿಗಳಲ್ಲೂ 7/8-14. ಅಂದರೆ 7/8 ಇಂಚು ಅಗಲ, ಇಂಚಿಗೆ 14 ಸುತ್ತು. ಯಾರ ಡೈಯನ್ನು ಯಾರ ಪ್ರೆಸ್ಸಿಗಾದರೂ ಹಾಕಬಹುದಾದದ್ದು ಈ ಒಮ್ಮತದಿಂದಲೇ.

ಈಗ ಒಂದು ಸಣ್ಣ ಲೆಕ್ಕ. 7/8 ಇಂಚು ಅಂದರೆ 22.2 ಮಿ.ಮೀ. .338 ಲಾಪುವಾ ಮ್ಯಾಗ್ನಂ ಕೇಸಿನ ಬುಡ 14.9. ಕಳೆದು ಎರಡರಿಂದ ಭಾಗಿಸಿದರೆ ಡೈಯ ಗೋಡೆ 3.6 ಮಿ.ಮೀ. ಅದರಲ್ಲಿ ಥ್ರೆಡ್ಡಿನ ಆಳ 1.1 ಹೋಗುತ್ತದೆ. ಉಳಿದದ್ದು 2.5 ಮಿ.ಮೀ. ಗಟ್ಟಿ ಉಕ್ಕು. ಸಾಕು. .416 ರಿಗ್ಬಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. .408 ಚೈಟ್ಯಾಕ್‌ಗೆ ಬಂದರೆ ಬುಡ 16.2, ಉಳಿಯುವ ಗೋಡೆ ಸುಮಾರು 1.9 ಮಿ.ಮೀ. ಆಗುತ್ತದೆ, ಆದರೆ ಉಸಿರು ಬಿಗಿಹಿಡಿದ ಹಾಗೆ. ಅದಕ್ಕೇ ಈ ಗುಂಪಿನ ಕಾಡತೂಸುಗಳಿಗೆ 1 ಇಂಚು ಅಥವಾ 1¼ ಇಂಚಿನ ಡೈಗಳೂ ಬರುತ್ತವೆ. .50 ಬಿಎಂಜಿಗೆ ಲೆಕ್ಕ ಹಾಕಿ: 22.2ರಲ್ಲಿ 20.4 ಕಳೆದರೆ ಗೋಡೆ 0.9 ಮಿ.ಮೀ. ಥ್ರೆಡ್ಡಿನ ಆಳವೇ ಅದಕ್ಕಿಂತ ಹೆಚ್ಚು. ಇಂಥ ಡೈ ಇರಲು ಸಾಧ್ಯವೇ ಇಲ್ಲ. ಹಾಗಾಗಿ .50ರ ಡೈಗಳು 1¼-12 ಅಥವಾ 1½-12 ಥ್ರೆಡ್ಡಿನಲ್ಲಿ ಬರುತ್ತವೆ.

ತೊಂದರೆ ಶುರುವಾಗುವುದು ಇಲ್ಲಿ. ಈ ಎರಡು ಅಳತೆಗಳ ಮಧ್ಯೆ ಒಮ್ಮತ ಇಲ್ಲ. ಲೀ ಕಂಪನಿಯ .50 ಡೈ 1¼-12. ಆರ್‌ಸಿಬಿಎಸ್, ಹಾರ್ನಡಿ ಇವರದು 1½-12. ಪ್ರೆಸ್ಸು ಒಬ್ಬರದು, ಡೈ ಇನ್ನೊಬ್ಬರದು ತಂದರೆ ಒಂದೋ ತೂರುವುದಿಲ್ಲ, ಇಲ್ಲವೇ ಸಡಿಲವಾಗಿ ಬಿದ್ದೇ ಹೋಗುತ್ತದೆ. .50 ಮಾಡುವವರು ಡೈ ಯಾವುದೆಂದು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕ ಪ್ರೆಸ್ಸು ಹುಡುಕುವುದೇ ಸರಿ. ಬೇರೆ ಕಾಡತೂಸುಗಳ ವಿಷಯದಲ್ಲಿ ಈ ಕ್ರಮ ಉಲ್ಟಾ ಇದ್ದರೂ ನಡೆಯುತ್ತದೆ.

ಹಲವು ಪ್ರೆಸ್ಸುಗಳಲ್ಲಿ 7/8-14 ತೂತು ನಿಜವಾಗಿ ಒಂದು ಬುಷ್ಷಿನಲ್ಲಿರುತ್ತದೆ. ಬುಷ್ಷು ಬಿಚ್ಚಿದರೆ ಒಳಗೆ 1¼-12 ಥ್ರೆಡ್ಡು ಸಿಗುತ್ತದೆ. ಆರ್‌ಸಿಬಿಎಸ್‌ನ ರಾಕ್ ಚಕ್ಕರ್ ಸುಪ್ರೀಂ ಹೀಗೆ, ಲೀಯ ಕ್ಲಾಸಿಕ್ ಕಾಸ್ಟ್ ಕೂಡ ಹೀಗೆ. ಇದನ್ನು ನೋಡಿ "ಹಾಗಾದರೆ ಎರಡರಲ್ಲೂ .50 ಆಗುತ್ತದೆ" ಎಂದುಕೊಂಡವರು ಬಹಳ. ತೂತು ಹೊಂದಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಮುಂದಿನ ಅಳತೆ ಅದಕ್ಕಿಂತ ನಿಷ್ಠುರ.

ರ‍್ಯಾಮ್ ಎಷ್ಟು ದೂರ ಓಡುತ್ತದೆ

ಜಾಹೀರಾತಿನಲ್ಲಿ ಬರೆಯುವುದು ಫ್ರೇಮಿನ ಕಿಟಕಿ ಎಷ್ಟು ಎತ್ತರ ಎಂದು. ನಿಮಗೆ ಬೇಕಾದದ್ದು ಕೇಸನ್ನು ಹೊತ್ತು ಡೈಯೊಳಗೆ ತಳ್ಳುವ ದಂಡ, ಅಂದರೆ ರ‍್ಯಾಮ್ ಕೆಳಗಿಂದ ಮೇಲಕ್ಕೆ ಎಷ್ಟು ಓಡುತ್ತದೆ ಎಂಬುದು. ಕೇಸಿನ ಮೈಯನ್ನು ಪೂರ್ತಿ ಅಳತೆಗೆ ತರುವ ಫುಲ್-ಲೆಂಗ್ತ್ ಡೈಯನ್ನು ರ‍್ಯಾಮ್ ಮೇಲಿದ್ದಾಗ, ಅದರ ತುದಿಯಲ್ಲಿ ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರಿಗೆ ತಾಗುವಂತೆ ಕೂರಿಸುತ್ತೇವೆ. ಅಂದಮೇಲೆ ರ‍್ಯಾಮ್ ಕೆಳಗಿಳಿದಾಗ ಶೆಲ್ ಹೋಲ್ಡರಿಗೂ ಡೈ ಬಾಯಿಗೂ ಇರುವ ಅಂತರ ಸರಿಯಾಗಿ ಓಟದಷ್ಟೇ. ಕೇಸು ಆ ಅಂತರದೊಳಗೆ ಅಡ್ಡಲಾಗಿ ನುಸುಳಬೇಕು.

ಕೇಸಿನ ಬುಡ ಶೆಲ್ ಹೋಲ್ಡರಿನೊಳಗೆ ಸುಮಾರು 3.2 ಮಿ.ಮೀ. ಇಳಿದು ಕೂರುತ್ತದೆ, ಅಷ್ಟು ಲಾಭ. ಆದರೆ ಹಳೇ ಪ್ರೈಮರ್ ತಳ್ಳುವ ಪಿನ್ನು ಡೈಯ ಬಾಯಿಂದ ಕೆಳಗೆ ಚಾಚಿಕೊಂಡಿರುತ್ತದೆ, ಆ ಲಾಭವನ್ನು ಅದು ತಿಂದುಹಾಕುತ್ತದೆ. ಹಾಗಾಗಿ ಸೈಜಿಂಗಿಗೆ ಕೇಸಿನ ಉದ್ದಕ್ಕೆ ಇನ್ನೊಂದು 8-10 ಮಿ.ಮೀ. ಸೇರಿಸಿ ಲೆಕ್ಕ ಹಿಡಿಯಿರಿ. .375 ಎಚ್ ಅಂಡ್ ಎಚ್ ಕೇಸು 72.4, .416 ರಿಗ್ಬಿ 73.7, .470 ನೈಟ್ರೋ 82.6, .50 ಬಿಎಂಜಿ 99.3 ಮಿ.ಮೀ. ಮೊದಲ ಮೂರಕ್ಕೆ ದೊಡ್ಡ ಸಿಂಗಲ್ ಸ್ಟೇಜ್ (ಒಂದು ಸಲಕ್ಕೆ ಒಂದೇ ಡೈ ಕೂರುವ) ಪ್ರೆಸ್ಸಿನ ಓಟ ಸಾಲುತ್ತದೆ. ನಾಲ್ಕನೆಯದಕ್ಕೆ ಸುಮಾರು 110 ಬೇಕು.

ಗುಂಡು ಕೂರಿಸುವಾಗ ಜಾಗ ಇನ್ನೂ ಹೆಚ್ಚು ಬೇಕು. ಏಕೆಂದರೆ ಗುಂಡು ಆಗಿನ್ನೂ ಕೇಸಿನ ಬಾಯಲ್ಲಿ ತುದಿಯಷ್ಟೇ ಊರಿಕೊಂಡು ನಿಂತಿರುತ್ತದೆ. .50 ಬಿಎಂಜಿಯ ಸಿದ್ಧ ಕಾಡತೂಸು 138.4 ಮಿ.ಮೀ. ಆದರೂ, 60 ಮಿ.ಮೀ. ಆಸುಪಾಸಿನ ಗುಂಡು ಬಾಯಲ್ಲಿ ನಿಂತಾಗ ಒಟ್ಟು ಎತ್ತರ 150 ದಾಟುತ್ತದೆ. .338 ಲಾಪುವಾದಲ್ಲಿ 300 ಗ್ರೇನಿನ (ಸುಮಾರು 19 ಗ್ರಾಂ) ಉದ್ದನೆಯ ಗುಂಡಾದರೆ 105-110ರ ಹತ್ತಿರ. ಇಲ್ಲಿ ಒಂದು ಉಪಾಯವಿದೆ: ಸೀಟಿಂಗ್ ಡೈ ಶೆಲ್ ಹೋಲ್ಡರಿಗೆ ತಾಗಬೇಕಾಗಿಲ್ಲ. ಅದನ್ನು ನಾಲ್ಕೈದು ಸುತ್ತು ಮೇಲಕ್ಕೆ ತಿರುಗಿಸಿ, ಒಳಗಿನ ಕಡ್ಡಿಯನ್ನು ಅಷ್ಟೇ ಕೆಳಗಿಳಿಸಿದರೆ 7-9 ಮಿ.ಮೀ. ಜಾಗ ಸಿಗುತ್ತದೆ. ಅದೂ ಸಾಲದಿದ್ದರೆ ಗುಂಡನ್ನು ಬೆರಳಲ್ಲಿ ಡೈಯ ಬಾಯೊಳಗೆ ಹಿಡಿದು ಕೇಸನ್ನು ಕೆಳಗಿನಿಂದ ತರಬೇಕು. ಹತ್ತು ಕಾಡತೂಸಿಗೆ ಇದು ಸರಿ. ಐವತ್ತಕ್ಕೆ ಬೆರಳು ನಡುವೆ ಸಿಕ್ಕಿಕೊಳ್ಳುವ ಗ್ಯಾರಂಟಿ.

ಅಂಗಡಿಗೆ ಹೋಗುವಾಗ ಗುಂಡು ಕೂರಿಸಿದ, ಪ್ರೈಮರೂ ಮದ್ದೂ ಇಲ್ಲದ ಒಂದು ಡಮ್ಮಿ ಕಾಡತೂಸು, ಒಂದು ಖಾಲಿ ಕೇಸು, ಒಂದು ಬಿಡಿ ಗುಂಡು ಜೇಬಿನಲ್ಲಿರಲಿ. ಪ್ರದರ್ಶನಕ್ಕಿಟ್ಟ ಪ್ರೆಸ್ಸಿನ ಹಿಡಿ ಪೂರ್ತಿ ಎತ್ತಿ ಇಳಿಸಿ, ಓಟವನ್ನು ಸ್ಕೇಲಿನಲ್ಲಿ ಅಳೆಯಿರಿ. ಎರಡು ನಿಮಿಷದ ಕೆಲಸ.

ಬಾಗುವ ಫ್ರೇಮು, ಬೆಳಕಿನ ಎಳೆ

ಪ್ರೆಸ್ಸು ಎಷ್ಟು ಗಟ್ಟಿ ಎಂಬುದು ತೂಕದಿಂದ ಗೊತ್ತಾಗುವುದಿಲ್ಲ. ಬಲ ಬಿದ್ದಾಗ ಅದು ಎಷ್ಟು ಹಿಗ್ಗುತ್ತದೆ ಎಂಬುದೇ ಗಟ್ಟಿತನ. ದೊಡ್ಡ ಕೇಸುಗಳಲ್ಲಿ ಹಿತ್ತಾಳೆಯ ಗೋಡೆ ದಪ್ಪ, ಮೈ ವಿಸ್ತಾರ ದೊಡ್ಡದು. ಸೈಜ್ ಮಾಡುವಾಗ ಬೀಳುವ ಬಲ .308 ವಿಂಚೆಸ್ಟರ್‌ಗಿಂತ ಎಷ್ಟೋ ಹೆಚ್ಚು. ಆ ಬಲ ರ‍್ಯಾಮನ್ನು ಕೆಳಗೂ ಡೈಯನ್ನು ಮೇಲಕ್ಕೂ ತಳ್ಳುತ್ತದೆ. ಮಧ್ಯೆ ಹಿಡಿದಿರುವುದು ಫ್ರೇಮು.

ಇಂಗ್ಲಿಷ್ ಸಿ ಅಕ್ಷರದಂತೆ ಮುಂದೆ ತೆರೆದಿರುವ ಫ್ರೇಮಿನಲ್ಲಿ ಬಲ ಬಿದ್ದಾಗ ಬಾಯಿ ತುಸು ಅಗಲವಾಗುತ್ತದೆ, ಡೈ ಒಂದು ಕೂದಲಿನಷ್ಟು ಓರೆಯಾಗುತ್ತದೆ. ಓ ಆಕಾರದ ಮುಚ್ಚಿದ ಫ್ರೇಮಿನಲ್ಲಿ ಎರಡು ಕಡೆಯೂ ಕಂಬ ಇರುವುದರಿಂದ ಹಿಗ್ಗಿದರೂ ನೇರವಾಗಿ ಹಿಗ್ಗುತ್ತದೆ. ಅಲ್ಯೂಮಿನಿಯಂ ಫ್ರೇಮು ಪಿಸ್ತೂಲಿಗೆ, .223ಗೆ ಧಾರಾಳ ಸಾಕು. .338ರಿಂದ ಮೇಲಿನದಕ್ಕೆ ಬೀಡುಕಬ್ಬಿಣ ಅಥವಾ ಉಕ್ಕಿನ ಓ-ಫ್ರೇಮು ಬಿಟ್ಟು ಬೇರೆ ಯೋಚನೆ ಬೇಡ.

ಪರೀಕ್ಷೆ ಹೀಗೆ. ಫುಲ್-ಲೆಂಗ್ತ್ ಡೈ ಹಾಕಿ, ಖಾಲಿ ಶೆಲ್ ಹೋಲ್ಡರನ್ನು ಮೇಲೆತ್ತಿ ಡೈ ಬಾಯಿಗೆ ಗಟ್ಟಿಯಾಗಿ ತಾಗಿಸಿ. ಡೈಯ ಹಿಂದೆ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಶೆಲ್ ಹೋಲ್ಡರಿನ ಮೇಲ್ಮೈ ಮತ್ತು ಡೈಯ ತಳದ ಮಧ್ಯೆ ಬೆಳಕೇ ಕಾಣಬಾರದು. ಈಗ ರ‍್ಯಾಮ್ ಇಳಿಸಿ, ಹಾರಿಸಿ ಬಂದ ಒಂದು ಕೇಸಿಗೆ ಲೂಬ್ (ಜಾರಿಸುವ ಜಿಡ್ಡು) ಹಚ್ಚಿ ಹಾಕಿ, ಹಿಡಿಯನ್ನು ಪೂರ್ತಿ ಅದುಮಿ ಹಾಗೇ ಹಿಡಿದುಕೊಳ್ಳಿ. ಮತ್ತೆ ನೋಡಿ. ಈ ಸಲ ಅಲ್ಲಿ ಬೆಳಕಿನ ಒಂದು ಸಣ್ಣ ಎಳೆ ಕಾಣಿಸಿದರೆ, ಆ ಎಳೆಯ ದಪ್ಪವೇ ನಿಮ್ಮ ಪ್ರೆಸ್ಸು ಹಿಗ್ಗಿದ ಪ್ರಮಾಣ. ಫೀಲರ್ ಗೇಜಿನ ಪಟ್ಟಿ ತೂರಿಸಿ ಅಳೆಯಲೂಬಹುದು. ಆ ಎಳೆ ಇದ್ದಷ್ಟೂ ಕೇಸಿನ ಭುಜ (ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು) ಹಿಂದೆ ಸರಿಯುವುದು ಕಡಿಮೆಯಾಗುತ್ತದೆ. ಒಂದು ಕೇಸಿನ ಹಿತ್ತಾಳೆ ಗಡುಸು, ಇನ್ನೊಂದರದು ಮೆತ್ತಗೆ ಇದ್ದರೆ ಎಳೆಯ ದಪ್ಪವೂ ಬದಲಾಗಿ, ಒಂದೇ ಸೆಟ್ಟಿಂಗಿನಲ್ಲಿ ಎರಡು ಅಳತೆಯ ಕೇಸುಗಳು ಹೊರಬರುತ್ತವೆ. "ಡೈ ಮುಟ್ಟಿಲ್ಲ, ಆದರೂ ಬೋಲ್ಟ್ ಕೆಲವಕ್ಕೆ ಮುಚ್ಚುತ್ತದೆ, ಕೆಲವಕ್ಕೆ ಮುಚ್ಚುವುದಿಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಬೆಳಕು ಕಂಡರೆ ಡೈಯನ್ನು ಇನ್ನಷ್ಟು ಕೆಳಗಿಳಿಸಬೇಕು, ಆದರೆ ಎಷ್ಟು? 14 ಸುತ್ತಿನ ಥ್ರೆಡ್ಡಿನಲ್ಲಿ ಒಂದು ಪೂರ್ತಿ ಸುತ್ತು ಅಂದರೆ 1.81 ಮಿ.ಮೀ. ಎಂಟನೇ ಒಂದು ಸುತ್ತು 0.23 ಮಿ.ಮೀ. ಬೋಲ್ಟ್ ರೈಫಲ್ಲಿಗೆ ಭುಜ ಹಿಂದೆ ಸರಿಯಬೇಕಾದದ್ದು 0.025ರಿಂದ 0.05 ಮಿ.ಮೀ. ಮಾತ್ರ. ಹಾಗಾಗಿ "ಎಂಟನೇ ಒಂದು ಸುತ್ತು ಹೆಚ್ಚು ತಿರುಗಿಸಿ" ಎಂಬ ಹಳೇ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಿದರೆ ಬೇಕಾದದ್ದರ ನಾಲ್ಕೈದು ಪಟ್ಟಿನಿಂದ ಒಂಬತ್ತು ಪಟ್ಟಿನ ತನಕ ತಳ್ಳಿಬಿಡುವ ಅಪಾಯವಿದೆ. ಹೀಗೆ ಅತಿಯಾಗಿ ಭುಜ ತಳ್ಳಿದ ಕೇಸು ಕೆಲವೇ ಸಲ ಹಾರಿಸುವಷ್ಟರಲ್ಲಿ ಬುಡದ ಮೇಲೆ ಬಳೆಯಂತೆ ತೆಳುವಾಗಿ ಹರಿದು ಎರಡು ತುಂಡಾಗುತ್ತದೆ. ಡೈಯ ಮೇಲೂ ಪ್ರೆಸ್ಸಿನ ಮೇಲೂ ಮಾರ್ಕರಿನಲ್ಲಿ ಒಂದೊಂದು ಗೆರೆ ಎಳೆದುಕೊಳ್ಳಿ. 10 ಡಿಗ್ರಿ ಅಂದರೆ 0.05 ಮಿ.ಮೀ. ಒಂದೊಂದು ಸಲ ಐದೈದು ಡಿಗ್ರಿ ತಿರುಗಿಸಿ, ಭುಜ ಅಳೆಯುವ ಗೇಜಿನಲ್ಲಿ ನೋಡುತ್ತ ಹೋಗಿ. ದೊಡ್ಡ 12 ಸುತ್ತಿನ ಡೈಗಳಲ್ಲಿ ಒಂದು ಸುತ್ತು 2.12 ಮಿ.ಮೀ., ಅಲ್ಲಿ ಕೈ ಇನ್ನೂ ಹದವಾಗಿರಬೇಕು.

ಇದಕ್ಕಿಂತ ಅಚ್ಚುಕಟ್ಟಾದ ದಾರಿ ರೆಡ್ಡಿಂಗ್‌ನವರ ಕಾಂಪಿಟಿಷನ್ ಶೆಲ್ ಹೋಲ್ಡರ್ ಸೆಟ್ಟು. ಐದು ಹೋಲ್ಡರುಗಳು, ಮಾಮೂಲಿಗಿಂತ 0.002 ಇಂಚಿನಿಂದ 0.010 ಇಂಚಿನವರೆಗೆ ಎರಡೆರಡು ಸಾವಿರದಂಶ ಹೆಚ್ಚು ಎತ್ತರ. ಡೈಯನ್ನು ಪ್ರತಿ ಸಲವೂ ಹೋಲ್ಡರಿಗೆ ಗಟ್ಟಿಯಾಗಿ ತಾಗಿಸಿ, ಭುಜದ ಅಳತೆಯನ್ನು ಹೋಲ್ಡರ್ ಬದಲಿಸಿ ಹೊಂದಿಸುವುದು. ಹೀಗೆ ಮಾಡಿದಾಗ ಹಿಡಿ ಕೊನೆಯಲ್ಲಿ 'ಟಕ್' ಎಂದು ಗಂಟು ದಾಟಿದ ಹಾಗೆ ಅನ್ನಿಸುತ್ತದೆ, ಅದನ್ನೇ ಕ್ಯಾಮ್-ಓವರ್ ಅನ್ನುವುದು. ಅಳತೆ ಒಂದೇ ಸಮ ಬರುತ್ತದೆ. ಆದರೆ ಅತಿಯಾದ ಕ್ಯಾಮ್-ಓವರ್‌ನಿಂದ ಕೀಲುಗಳ ಪಿನ್ನು ಸವೆಯುತ್ತದೆ. ಟಕ್ ಕೇಳಿದರೆ ಸಾಕು, ಮೈಭಾರ ಹಾಕಬೇಕಾಗಿಲ್ಲ.

ಯಾವ ಪ್ರೆಸ್ಸು ಯಾರಿಗೆ

.300 ವಿನ್ ಮ್ಯಾಗ್, .338 ಲಾಪುವಾ, .375 ಎಚ್ ಅಂಡ್ ಎಚ್, .416 ರಿಗ್ಬಿ: ಇವುಗಳಾಚೆ ಹೋಗುವುದಿಲ್ಲ ಎನ್ನುವವರಿಗೆ ರಾಕ್ ಚಕ್ಕರ್ ಅಥವಾ ರೆಡ್ಡಿಂಗ್ ಬಿಗ್ ಬಾಸ್ ತರಗತಿಯ ಬೀಡುಕಬ್ಬಿಣದ ಸಿಂಗಲ್ ಸ್ಟೇಜ್ ಸಾಕು. "ಮುಂದೆ ಯಾವತ್ತಾದರೂ .50 ಕೊಂಡರೆ" ಎಂದು ಈಗಲೇ ರಾಕ್ಷಸ ಪ್ರೆಸ್ಸು ತರಬೇಡಿ. ಓಟ ಉದ್ದ ಇರುವ ಯಂತ್ರದಲ್ಲಿ .308 ಮಾಡುವುದೆಂದರೆ ಪ್ರತಿ ಕೇಸಿಗೂ ಹಿಡಿಯನ್ನು ಸುಮ್ಮನೆ ಅಷ್ಟು ದೂರ ಎಳೆದಾಡುವುದು. ಸಂಜೆಯ ಹೊತ್ತಿಗೆ ಭುಜ ಹೇಳುತ್ತದೆ, ಕೇಸಿನದಲ್ಲ, ನಿಮ್ಮದು.

.470 ನೈಟ್ರೋ, .505 ಗಿಬ್ಸ್‌ನಂಥ ಉದ್ದನೆಯ ಆಫ್ರಿಕನ್ ಕಾಡತೂಸುಗಳಿಗೆ ರೆಡ್ಡಿಂಗ್ ಅಲ್ಟ್ರಾಮ್ಯಾಗ್ ನನ್ನ ಮಟ್ಟಿಗೆ ಮೊದಲ ಆಯ್ಕೆ. ಇದರ ಸನ್ನೆಯ ಕೀಲುಗಳು ಫ್ರೇಮಿನ ಕೆಳಗಲ್ಲ, ಮೇಲಿನ ಅರ್ಧಕ್ಕೆ ಜೋಡಿಸಿವೆ. ಹಾಗಾಗಿ ಬಲ ಡೈಯ ಹತ್ತಿರವೇ ಹಿಡಿತ ಪಡೆಯುತ್ತದೆ. ಕಿಟಕಿ 4¾ ಇಂಚು. ಗಿಬ್ಸ್‌ಗೆ ಡೈ ತರಿಸುವಾಗ ಥ್ರೆಡ್ಡಿನ ಅಳತೆ ಕೇಳುವುದನ್ನು ಮರೆಯಬೇಡಿ. ಚೈಟ್ಯಾಕ್ ಹುಟ್ಟಿದ್ದೇ ಆ ಕೇಸಿನಿಂದ, ಬುಡ ಅಷ್ಟೇ ದಪ್ಪ.

ಫಾರ್ಸ್ಟರ್ ಕೋ-ಆಕ್ಸ್ ಬೇರೆಯೇ ಜಾತಿ. ಡೈಯನ್ನು ತಿರುಗಿಸುವುದಿಲ್ಲ, ಅದರ ಲಾಕ್ ರಿಂಗನ್ನು ಒಂದು ಸೀಳಿನೊಳಗೆ ಜಾರಿಸುತ್ತೇವೆ. ಡೈ ಅಲ್ಲಿ ತುಸು ತೇಲಾಡುತ್ತದೆ, ಕೇಸನ್ನು ಹಿಡಿಯುವ ದವಡೆಗಳೂ ತೇಲುತ್ತವೆ, ಎರಡೂ ತಮ್ಮಷ್ಟಕ್ಕೆ ನೇರ ಹೊಂದಿಕೊಳ್ಳುತ್ತವೆ. .338 ಲಾಪುವಾದ ತನಕ ಸೊಗಸಾದ ಯಂತ್ರ. ದೊಡ್ಡ ಬುಡಕ್ಕೆ ದವಡೆ ಬದಲಿಸಿಕೊಳ್ಳಬೇಕು. ಸೀಳು ಇರುವುದೇ 7/8 ಇಂಚಿನ ಡೈಗೆ, ಆದ್ದರಿಂದ .50 ಕನಸು ಇಲ್ಲಿ ಬೇಡ.

.50 ಬಿಎಂಜಿಗೆ ಎರಡು ದಾರಿ. ಕಡಿಮೆ ಖರ್ಚಿನದು ಲೀ ಕ್ಲಾಸಿಕ್ ಕಾಸ್ಟ್‌ನ .50 ಕಿಟ್ಟು: ಬೀಡುಕಬ್ಬಿಣದ ಓ-ಫ್ರೇಮು, 1¼-12 ಡೈ. ಬುಷ್ಷು ಹಾಕಿಕೊಂಡರೆ ಮಾಮೂಲಿ 7/8 ಡೈಗಳೂ ನಡೆಯುತ್ತವೆ. ವರ್ಷಕ್ಕೆ ನೂರಿನ್ನೂರು ಹಾರಿಸುವವರಿಗೆ ಇದಕ್ಕಿಂತ ಹೆಚ್ಚಿನದು ಯಾಕೆ ಎಂದು ನನಗೆ ಅರ್ಥವಾಗುವುದಿಲ್ಲ. ಇನ್ನೊಂದು ಆರ್‌ಸಿಬಿಎಸ್ ಆಮೋಮಾಸ್ಟರ್‌ನಂಥ, ಕಂಬಗಳ ಮೇಲೆ ನಿಂತ ಎತ್ತರದ ಪ್ರೆಸ್ಸು, 1½-12 ಡೈ. ಡೈಯ ಗೋಡೆ ದಪ್ಪ, ಓಟಕ್ಕೆ ಬರವಿಲ್ಲ. ಬೆಲೆಯೂ ಹಾಗೇ.

ಟರೆಟ್ ಪ್ರೆಸ್ಸು ಬೇಕೇ? ತಲೆಯ ಮೇಲೆ ನಾಲ್ಕೋ ಏಳೋ ಡೈ ಸಾಲಾಗಿ ಕೂತು ತಿರುಗುತ್ತವೆ, ನೋಡಲು ಚಂದ. ಹಲವುಗಳಲ್ಲಿ ತಲೆ ನಿಂತಿರುವುದು ನಡುವಿನ ಒಂದೇ ಬೋಲ್ಟಿನ ಮೇಲೆ, ಕೆಲಸ ಮಾಡುವ ಡೈ ಇರುವುದು ಅಂಚಿನಲ್ಲಿ. ಬಲ ಬಿದ್ದಾಗ ಆ ಅಂಚು ಮೇಲೇಳುತ್ತದೆ. ರೆಡ್ಡಿಂಗ್ ಟಿ-7ನಂಥವು ಹಿಂದೆ ಆಸರೆ ಕೊಟ್ಟು ಇದನ್ನು ಬಹಳ ಮಟ್ಟಿಗೆ ತಡೆದಿವೆ. ಅಲ್ಲೂ ಏಳುವ ಪ್ರಮಾಣ ಪ್ರತಿ ಸಲ ಒಂದೇ ಆಗಿರುವುದರಿಂದ ಡೈ ಸೆಟ್ಟಿಂಗಿನಲ್ಲಿ ಸರಿದೂಗಿಸಬಹುದು. ಹಿಡಿಯ ಒಂದೊಂದು ಎಳೆತಕ್ಕೆ ಎಲ್ಲ ಹಂತಗಳನ್ನೂ ಒಟ್ಟಿಗೆ ಮಾಡುವ ಪ್ರೋಗ್ರೆಸಿವ್ ಪ್ರೆಸ್ಸಂತೂ ಈ ಗಾತ್ರಕ್ಕೆ ಅನವಶ್ಯಕ. .50ರ ಒಂದು ಕೇಸು 200 ಗ್ರೇನಿಗಿಂತ ಹೆಚ್ಚು ಮದ್ದು ನುಂಗುತ್ತದೆ. 7,000 ಗ್ರೇನಿನ ಒಂದು ಪೌಂಡ್ ಡಬ್ಬ ಮೂವತ್ತು ಚಿಲ್ಲರೆ ಕಾಡತೂಸಿಗೆ ಖಾಲಿ. ಪ್ರತಿಯೊಂದನ್ನೂ ತೂಗಿಯೇ ಹಾಕುವಾಗ ಗಂಟೆಗೆ ಎಷ್ಟು ಎಂಬ ಲೆಕ್ಕಕ್ಕೆ ಅರ್ಥ ಇಲ್ಲ. ಎಷ್ಟು ತೂಕ, ಯಾವ ಮದ್ದು ಎಂಬುದನ್ನು ಮದ್ದಿನ ಕಂಪನಿಯ ಇತ್ತೀಚಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಯಾರದೋ ಬಾಯಿಮಾತಿನಿಂದ ಬೇಡ.

ಗುಂಡು ಸೊಟ್ಟ ಕೂತರೆ ಪ್ರೆಸ್ಸಿನ ಮೇಲೆ ತಪ್ಪು ಹೊರಿಸುವುದು ರೂಢಿ. ಹೆಚ್ಚಿನ ಸಲ ಅಪರಾಧಿ ಬೇರೆ: ಕತ್ತನ್ನು ಒಳಗಿನಿಂದ ಅಳತೆಗೆ ಅಗಲಿಸಲೆಂದು ಡೈಯೊಳಗಿರುವ, ಒಣ ಕತ್ತಿನೊಳಗೆ ಉಜ್ಜಿಕೊಂಡು ಮೇಲೇರುವ ಎಕ್ಸ್‌ಪ್ಯಾಂಡರ್ ಉಂಡೆ ಕತ್ತನ್ನು ಒಂದು ಕಡೆಗೆ ಎಳೆದಿರುತ್ತದೆ, ಇಲ್ಲವೇ ಹಿತ್ತಾಳೆಯ ಗೋಡೆಯೇ ಒಂದು ಬದಿ ದಪ್ಪ ಇರುತ್ತದೆ. ಕತ್ತಿನೊಳಗೆ ಚೂರು ಗ್ರಾಫೈಟ್ ಸವರಿ ಮತ್ತೆ ಅಳೆದು ನೋಡಿ. ಆಮೇಲೂ ಓಲಾಟ 0.08 ಮಿ.ಮೀ. ಮೀರಿದರೆ ಮಾತ್ರ ಪ್ರೆಸ್ಸನ್ನು ಸಂಶಯಿಸಿ.

ಮೇಜು, ಲೂಬು, ಪ್ರೈಮರು

ಗಟ್ಟಿ ಪ್ರೆಸ್ಸನ್ನು ಬಡಕಲು ಮೇಜಿಗೆ ಹಾಕಿದರೆ ಮೇಜೇ ಬಾಗುತ್ತದೆ. ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಪದರ ಅಂಟಿಸಿ, ಒಟ್ಟು 38 ಮಿ.ಮೀ. ದಪ್ಪ ಮಾಡಿ. ಮರಕ್ಕೆ ತಿರುಗಿಸುವ ಸ್ಕ್ರೂ ಬೇಡ. ಕೇಸನ್ನು ಡೈಯಿಂದ ಹೊರಗೆಳೆಯಲು ಹಿಡಿಯನ್ನು ಎತ್ತುವಾಗ ಬಲ ಉಲ್ಟಾ ಬೀಳುತ್ತದೆ, ಆ ಎಳೆತಕ್ಕೆ ಸ್ಕ್ರೂ ದಿನದಿಂದ ದಿನಕ್ಕೆ ಸಡಿಲವಾಗುತ್ತದೆ. ಆರಪಾರ ಬೋಲ್ಟು, ಕೆಳಗೆ ಅಗಲವಾದ ವಾಷರು ಅಥವಾ ಉಕ್ಕಿನ ಪಟ್ಟಿ. ಮೇಜಿನ ಹಿಂದಿನ ಅಂಚನ್ನು ಗೋಡೆಯ ಮರದ ಕಂಬಗಳಿಗೆ ಬಿಗಿಯಿರಿ, ಇಲ್ಲದಿದ್ದರೆ .50 ಕೇಸು ಹೊರಗೆಳೆಯುವಾಗ ಮೇಜಿನ ಮುಂಗಾಲು ನೆಲ ಬಿಡುತ್ತದೆ.

ಲೂಬ್ ಕಡಿಮೆಯಾದರೆ ಕೇಸು ಡೈಯೊಳಗೆ ಕಚ್ಚಿಕೊಳ್ಳುತ್ತದೆ. ಅದು ಗೊತ್ತಾಗುವುದು ಹಿಡಿಯಲ್ಲೇ: ಮೆಲ್ಲನೆ ಏರುತ್ತಿದ್ದ ಬಿಗಿ ಇದ್ದಕ್ಕಿದ್ದಂತೆ ಗಕ್ಕನೆ ನಿಲ್ಲುತ್ತದೆ. ಅಲ್ಲೇ ನಿಲ್ಲಿಸಿ, ಹಿಂದೆಳೆದು, ಮತ್ತೆ ಲೂಬ್ ಹಚ್ಚಿ. ಜಿದ್ದಿಗೆ ಬಿದ್ದು ಅದುಮಿದರೆ ಮುಂದಿನ ಎಳೆತಕ್ಕೆ ಕೇಸಿನ ಅಂಚು ಹರಿದು, ಕೇಸು ಒಳಗೇ ಉಳಿಯುತ್ತದೆ. ಆಮೇಲೆ ಬುಡಕ್ಕೆ ಡ್ರಿಲ್ ಹಾಕಿ, ಥ್ರೆಡ್ಡು ಕೊರೆದು, ಬೋಲ್ಟಿನಿಂದ ಎಳೆದು ತೆಗೆಯುವ ಕೆಲಸ. ಲೂಬ್ ಅತಿಯಾದರೆ ಭುಜದ ಮೇಲೆ ಗುಳಿ ಬೀಳುತ್ತದೆ, ಎಣ್ಣೆ ಹೋಗಲು ಜಾಗವಿಲ್ಲದೆ ಹಿತ್ತಾಳೆಯನ್ನೇ ಒಳಗೆ ತಳ್ಳುತ್ತದೆ. ಮೇಣದಂಥ ಲೂಬನ್ನು ಬೆರಳಿಗೆ ಜಿಡ್ಡು ಗೊತ್ತಾಗುವಷ್ಟೇ ತೆಗೆದುಕೊಂಡು ಮೈಗೆ, ಮುಖ್ಯವಾಗಿ ಬುಡದ ಹತ್ತಿರ ಸವರಿ. ಭುಜ ಬಿಟ್ಟುಬಿಡಿ. ಲ್ಯಾನೋಲಿನ್ ಸ್ಪ್ರೇ ಆದರೆ ಆಲ್ಕೋಹಾಲ್ ಆರುವ ತನಕ ಕಾಯಬೇಕು, ಹಸಿಯಲ್ಲಿ ಹಾಕಿದರೆ ಅದೂ ಕಚ್ಚುತ್ತದೆ.

.50ರ ಪ್ರೈಮರ್ ಸುಮಾರು 8 ಮಿ.ಮೀ. ಅಗಲ, ಮಾಮೂಲಿ ಲಾರ್ಜ್ ರೈಫಲ್ ಪ್ರೈಮರ್ 5.3. ಪ್ರೆಸ್ಸಿನ ಜೊತೆ ಬರುವ ಪ್ರೈಮಿಂಗ್ ಕೈ ಅದಕ್ಕೆ ಒದಗುವುದಿಲ್ಲ, .50ರದೇ ಸಲಕರಣೆ ಬೇಕು. ಮಿಲಿಟರಿ ಹಿತ್ತಾಳೆಯಾದರೆ ಪ್ರೈಮರ್ ಗುಳಿಯ ಸುತ್ತ ಅಮುಕಿದ ಅಂಚನ್ನು ಮೊದಲು ತೆಗೆಯಲೇಬೇಕು, ಇಲ್ಲದಿದ್ದರೆ ಹೊಸ ಪ್ರೈಮರ್ ಓರೆಯಾಗಿ ಜಜ್ಜಿಹೋಗುತ್ತದೆ. ಕೂತ ಪ್ರೈಮರ್ ಬುಡದ ಸಮಕ್ಕೆ ಅಥವಾ ಕೂದಲಿನಷ್ಟು ಒಳಗಿರಬೇಕು, ಬೆರಳು ಸವರಿದರೆ ಉಬ್ಬು ಸಿಗಬಾರದು. ಉಬ್ಬಿದ್ದರೆ ಆ ಕಾಡತೂಸನ್ನು ಪ್ರೆಸ್ಸಿನಲ್ಲಿ ಮತ್ತೆ ಅದುಮಲು ಹೋಗಬೇಡಿ, ಪಕ್ಕಕ್ಕಿಡಿ. ಕಣ್ಣಿಗೆ ಕನ್ನಡಕ ಇಲ್ಲದೆ ಈ ಹಂತಕ್ಕೆ ಕೂರಲೇಬಾರದು. ಮನೆಯಲ್ಲಿ ಇಡುವ ಮದ್ದಿಗೂ ಮಿತಿಯಿದೆ. ಅಮೆರಿಕದ ಬೆಂಕಿ ಸುರಕ್ಷತೆಯ ನಿಯಮಾವಳಿ ಎನ್‌ಎಫ್‌ಪಿಎ 495ರ ಪ್ರಕಾರ ಮೂಲ ಡಬ್ಬಗಳಲ್ಲೇ 20 ಪೌಂಡಿನ ತನಕ, ಪ್ರೈಮರ್ 10,000. ಅದಕ್ಕಿಂತ ಹೆಚ್ಚು ಮದ್ದಿಗೆ ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು.

ಹಳೇ ಪ್ರೆಸ್ಸು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಬೀಡುಕಬ್ಬಿಣದ ಪ್ರೆಸ್ಸಿನಲ್ಲಿ ಕೆಡುವುದಕ್ಕೆ ಹೆಚ್ಚು ಏನೂ ಇರುವುದಿಲ್ಲ. ರ‍್ಯಾಮನ್ನು ಪೂರ್ತಿ ಮೇಲೆತ್ತಿ ತುದಿಯನ್ನು ಹಿಡಿದು ಅಕ್ಕಪಕ್ಕ ಅಲುಗಿಸಿ. ಎಣ್ಣೆ ಹಾಕಿದ್ದಾಗ ಅಲುಗಾಟ ಮುಚ್ಚಿಹೋಗುತ್ತದೆ, ಅದಕ್ಕೆ ಮೊದಲು ಬಟ್ಟೆಯಲ್ಲಿ ಒರೆಸಿ. ಕೀಲಿನ ಪಿನ್ನುಗಳ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆಯೇ, ಫ್ರೇಮಿನ ಕೆಳ ಮೂಲೆಗಳಲ್ಲಿ ಬಣ್ಣ ಬಿರಿದ ಗೆರೆ ಇದೆಯೇ ನೋಡಿ. ಬಣ್ಣದ ಬಿರುಕಿನ ಅಡಿಯಲ್ಲಿ ಕಬ್ಬಿಣದ ಬಿರುಕೂ ಇರಬಹುದು, ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಮೇಲಿನ ತೂತಿಗೆ ನಿಮ್ಮದೇ ಡೈ ತಿರುಗಿಸಿ. ಕೈಯಿಂದಲೇ ಸಲೀಸಾಗಿ ಕೊನೆಯ ತನಕ ಇಳಿಯಬೇಕು, ನಡುವೆ ಕರಕರ ಅಂದರೆ ಥ್ರೆಡ್ಡು ಹೋಗಿದೆ ಎಂದೇ ಅರ್ಥ. ಅಲ್ಲಿ ಬುಷ್ಷು ಇದ್ದರೆ ಬದಲಿಸಿಕೊಳ್ಳಬಹುದು, ನೇರ ಫ್ರೇಮಿಗೇ ಕೊರೆದದ್ದಾದರೆ ಬಿಟ್ಟು ಬನ್ನಿ.